ನೀರಿನಲ್ಲಿ ಬೆಳೆದ ಮೆಣಸಿನ ಗಿಡ: ಎಲೆಗಳ ರೋಗನಿದಾನ

೧. ಪ್ರಸ್ತಾವನೆ

ರೋಗದ ಮೂಲಕಾರಣವನ್ನು ಅದರ ಲಕ್ಷಣಗಳಿಂದ ಕಂಡುಹಿಡಿಯುವ ವಿದ್ಯೆಗೆ ನಮ್ಮ ಹಿಂದಿನವರು ನಿದಾನವೆಂದು ಹೆಸರಿಟ್ಟರು. ಮನುಷ್ಯರಿಗೂ ಪಶುಗಳಿಗೂ ಹೇಗೋ ಹಾಗೆಯೇ ಗಿಡಮರಗಳಿಗೂ ಚಿಕಿತ್ಸೆಯುಂಟೆಂಬುದು ಕನ್ನಡಿಗರಿಗೆ ಹೊಸ ವಿಚಾರವಲ್ಲ. ಕ್ರಿ. ಶ. ೧೦೨೫ರ ಸುಮಾರಿನಲ್ಲಿ ಚಾವುಂಡರಾಯನು (ಗೊಮ್ಮಟನನ್ನು ಪ್ರತಿಷ್ಠಾಪಿಸಿದ ಚಾವುಂಡರಾಯನಲ್ಲ, ಚಾಲುಕ್ಯರ ಕಾಲದ ಇನ್ನೊಬ್ಬನು) ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಆ ಗ್ರಂಥವು ಮದರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದ ಮೂಲಕ ೧೯೫೦ರಲ್ಲಿ ಅಚ್ಚಾಯಿತೆಂಬುದು ಈ ನಗರದಲ್ಲಿ ನೆಲೆಸಿದ ಕನ್ನಡಿಗರು ನೆನೆಯತಕ್ಕ ಸಂಗತಿ. ಸಂಸ್ಕೃತದಲ್ಲಿ ಸುರಪಾಲನ ವೃಕ್ಷಾಯುರ್ವೇದವು ಮರಗಳ ರೋಗಗಳನ್ನು ವಾತ, ಪಿತ್ತ, ಕಫಗಳೆಂಬ ದೋಷಗಳಿಗೆ ಅನುಸಾರವಾಗಿ ವಿಂಗಡಿಸುತ್ತದೆ. ಆ ವಿಂಗಡಣೆಯನ್ನು ಇಂದಿನ ಸಸ್ಯಶಾಸ್ತ್ರವು ಒಪ್ಪುವುದಿಲ್ಲ. ಆದರೆ ಮೊದಲು ಕಾರಣ, ಅನಂತರ ಔಷಧ ಎಂಬ ಅದರ ಕ್ರಮವು ಇಂದಿಗೂ ಮಾನ್ಯವಾದುದು.

ಈ ಕ್ರಮವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಮಾಳಿಗೆಯ ಮೇಲಿನ ಮೆಣಸಿನ ಗಿಡವು ಒಳ್ಳೆಯ ನಿದರ್ಶನ. ಎಲೆ ಹಳದಿಯಾದೊಡನೆ ಅಥವಾ ಮುದುಡಿದೊಡನೆ ಬೆಳೆಗಾರನು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾನೆ: ಇನ್ನಷ್ಟು ಗೊಬ್ಬರವನ್ನು ನೀರಿಗೆ ಸೇರಿಸುತ್ತಾನೆ, ಇಲ್ಲವೆ ಅಂಗಡಿಯವನು ಕೊಟ್ಟ ಕೀಟನಾಶಕವನ್ನು ಸಿಂಪಡಿಸುತ್ತಾನೆ. ಮೊದಲನೆಯದರಿಂದ ಗಿಡವು ಸಾಯುವ ಸಂಭವವುಂಟು. ಎರಡನೆಯದರಿಂದ, ಎರಡು ಮೂರು ದಿನಕ್ಕೊಮ್ಮೆ ಕಾಯಿ ಕೊಯ್ದು ಸಾರಿಗೆ ಹಾಕುವ ಮನೆಯವರ ಹೊಟ್ಟೆಗೆ ವಿಷ ಸೇರುವ ಸಂಭವವುಂಟು. ನೀರಿನಲ್ಲಿ ಬೆಳೆದ ಮೆಣಸಿನ ಗಿಡದ ಎಲೆಗಳು ತೋರುವ ಲಕ್ಷಣಗಳನ್ನು ಓದುವ ಬಗೆಯನ್ನು, ಚೆನ್ನೈ ನಗರದ ಉತ್ತರ ಭಾಗದಲ್ಲಿ ಕಡಲಿಗೆ ತಾಗಿಕೊಂಡಿರುವ ಕಾಸಿಮೇಡಿನ ನೀರು ಗಾಳಿಗಳನ್ನು ಮುಂದಿಟ್ಟುಕೊಂಡು, ವಿವರಿಸುವುದು ಈ ಲೇಖನದ ಉದ್ದೇಶ.

೨. ಜಲಕೃಷಿಯ ಹಿನ್ನೆಲೆ

ಮಣ್ಣಿಲ್ಲದೆ, ಲವಣಗಳು ಕರಗಿದ ನೀರಿನಲ್ಲಿಯೇ ಗಿಡವನ್ನು ಬೆಳೆಸುವ ಕ್ರಮಕ್ಕೆ ಜಲಕೃಷಿಯೆಂದು ಹೆಸರು. ಇದು ಹೊಲದಲ್ಲಿ ಹುಟ್ಟಿದುದಲ್ಲ, ಪ್ರಯೋಗಶಾಲೆಯಲ್ಲಿ ಹುಟ್ಟಿದುದು. ಜರ್ಮನಿಯ ಸಾಕ್ಸ್ ಮತ್ತು ನೋಪ್ ಎಂಬ ವಿಜ್ಞಾನಿಗಳು ೧೮೬೦ರ ದಶಕದಲ್ಲಿ ಗಿಡಕ್ಕೆ ಯಾವ ಯಾವ ಧಾತುಗಳು ಬೇಕೆಂಬುದನ್ನು ತಿಳಿಯಲು ನೀರಿನಲ್ಲಿ ಸಸಿಗಳನ್ನು ಬೆಳೆಸಿದರು. ದ್ರಾವಣದಿಂದ ಒಂದೊಂದು ಧಾತುವನ್ನು ಬಿಟ್ಟು ನೋಡಿದಾಗ ಎಲೆಯಲ್ಲಿ ಒಂದೊಂದು ಬಗೆಯ ವಿಕಾರ ತೋರಿತು. ಇಂದು ನಾವು ಕೊರತೆಯ ಲಕ್ಷಣಗಳೆಂದು ಪಟ್ಟಿಮಾಡುವುದೆಲ್ಲ ಈ ಬಗೆಯ ಪ್ರಯೋಗಗಳ ಫಲ. ಆದುದರಿಂದ ಎಲೆಯನ್ನು ನೋಡಿ ಕೊರತೆಯನ್ನು ಹೇಳುವ ವಿದ್ಯೆಯೂ ಜಲಕೃಷಿಯೂ ಒಡಹುಟ್ಟಿದವುಗಳೆನ್ನಬಹುದು.

ಕ್ಯಾಲಿಫೋರ್ನಿಯದ ಗೆರಿಕೆ ಎಂಬಾತನು ಇದನ್ನು ಬೇಸಾಯದ ಮಟ್ಟಕ್ಕೆ ತಂದು, ೧೯೩೭ರಲ್ಲಿ ಹೈಡ್ರೋಪೋನಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದನು. ಅದೇ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಆರ್ನನ್ ೧೯೩೮ರಲ್ಲಿ ಪ್ರಕಟಿಸಿದ ಪೋಷಕ ದ್ರಾವಣದ ಸೂತ್ರವು ಇಂದಿಗೂ ಮಾದರಿಯಾಗಿ ನಿಂತಿದೆ. ಅದರಲ್ಲಿ ಲೀಟರಿಗೆ ಸಾರಜನಕ ೨೧೦, ಪೊಟ್ಯಾಸಿಯಂ ೨೩೫, ಕ್ಯಾಲ್ಸಿಯಂ ೨೦೦, ಗಂಧಕ ೬೪, ಮ್ಯಾಗ್ನೀಸಿಯಂ ೪೮, ರಂಜಕ ೩೧ ಮಿಲಿಗ್ರಾಂಗಳಷ್ಟಿರುತ್ತವೆ. ಕಬ್ಬಿಣ, ಬೋರಾನ್, ಮ್ಯಾಂಗನೀಸ್, ಸತು, ತಾಮ್ರ, ಮಾಲಿಬ್ಡಿನಂಗಳು ಅತ್ಯಲ್ಪ ಪ್ರಮಾಣದಲ್ಲಿರುತ್ತವೆ. ಭಾರತದಲ್ಲಿ ಶೋಲ್ಟೊ ಡಗ್ಲಸ್ ಎಂಬಾತನು ೧೯೪೬ರಲ್ಲಿ ಬಂಗಾಳದ ಕಾಲಿಂಪಾಂಗ್‌ನಲ್ಲಿ ಪ್ರಯೋಗಗಳನ್ನು ಆರಂಭಿಸಿ, ಬಡವರಿಗೂ ಎಟಕುವಂತಹ ‘ಬಂಗಾಳ ಪದ್ಧತಿ’ಯನ್ನು ರೂಪಿಸಿ, ೧೯೫೧ರಲ್ಲಿ ಅದನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು.

೩. ಮೆಣಸು ಮತ್ತು ಮೆಣಸಿನಕಾಯಿ

ಇಲ್ಲಿ ಹೆಸರಿನ ವಿಷಯವಾಗಿ ಒಂದು ಮಾತು ಅವಶ್ಯ. ಕನ್ನಡದಲ್ಲಿ ಮೆಣಸೆಂದರೆ ಮೂಲತಃ ಬಳ್ಳಿಯಲ್ಲಿ ಬಿಡುವ ಕರಿಮೆಣಸು. ಅಮೆರಿಕ ಖಂಡದಿಂದ ಹೊರಟ ಮೆಣಸಿನಕಾಯಿಯು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ನಮ್ಮ ಕರಾವಳಿಗೆ ಬಂದಾಗ, ಮೆಣಸಿನ ಖಾರವುಳ್ಳ ಈ ಕಾಯಿಗೆ ಜನರು ಮೆಣಸಿನಕಾಯಿಯೆಂದರು. ತಮಿಳಿನಲ್ಲಿಯೂ ಮಿಳಗು ಎಂಬುದರಿಂದ ಮಿಳಗಾಯ್ ಎಂಬ ಶಬ್ದವು ಇದೇ ರೀತಿಯಲ್ಲಿ ಹುಟ್ಟಿತು. ಹೆಸರು ಒಂದಾದರೂ ಕುಲ ಬೇರೆ. ಕರಿಮೆಣಸು ವೀಳ್ಯದೆಲೆಯ ದಾಯಾದಿ. ಮೆಣಸಿನಕಾಯಿಯಾದರೋ ಬದನೆ, ಟೊಮೇಟೊ, ಆಲೂಗಡ್ಡೆಗಳ ಕುಲಕ್ಕೆ ಸೇರಿದುದು. ಮಲೆನಾಡಿನ ತೋಟಗಾರನು ಮೆಣಸಿನ ಬಳ್ಳಿಯ ಸೊರಗು ರೋಗದ ವಿಷಯದಲ್ಲಿ ಗಳಿಸಿದ ಅನುಭವವು ಇಲ್ಲಿ ಉಪಯೋಗಕ್ಕೆ ಬಾರದು. ಬದನೆ ಟೊಮೇಟೊಗಳನ್ನು ಬೆಳೆದವನ ಅನುಭವವು ಬಹುಮಟ್ಟಿಗೆ ಉಪಯೋಗಕ್ಕೆ ಬರುತ್ತದೆ. ೨೦೧೧ರಲ್ಲಿ ಭೌಗೋಳಿಕ ಸೂಚಕ ಮನ್ನಣೆಯನ್ನು ಪಡೆದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯೂ, ಪಲ್ಯಕ್ಕೆ ಬಳಸುವ ದೊಣ್ಣಮೆಣಸಿನಕಾಯಿಯೂ ಒಂದೇ ಜಾತಿಯ ಪ್ರಭೇದಗಳಾದುದರಿಂದ, ಮುಂದೆ ಹೇಳುವ ಮಾತು ಎರಡಕ್ಕೂ ಸಲ್ಲುತ್ತದೆ.

೪. ಕಾಸಿಮೇಡಿನ ನೀರು ಮತ್ತು ಗಾಳಿ

ಎಲೆಯನ್ನು ನೋಡುವುದಕ್ಕೆ ಮುಂಚೆ ನೀರನ್ನು ನೋಡಬೇಕು. ಮಣ್ಣು ಒಂದು ದೊಡ್ಡ ಉಗ್ರಾಣವಿದ್ದಂತೆ. ನೀರಿನ ದೋಷಗಳನ್ನು ಅದು ಕೆಲಮಟ್ಟಿಗೆ ತನ್ನಲ್ಲಿ ಅಡಗಿಸಿಕೊಳ್ಳುತ್ತದೆ. ಜಲಕೃಷಿಯಲ್ಲಿ ಆ ಆಸರೆಯಿಲ್ಲ. ನೀರಿನಲ್ಲಿರುವುದೆಲ್ಲ ನೇರವಾಗಿ ಬೇರಿಗೆ ತಾಗುತ್ತದೆ.

ಕಾಸಿಮೇಡು ಮೀನುಗಾರರ ಬಂದರು. ಪೂರ್ವಕ್ಕೆ ಬಂಗಾಳ ಕೊಲ್ಲಿ. ಮನೆಗಳು ಒತ್ತಾಗಿ ಕಟ್ಟಿದವು. ಮಣ್ಣಿನ ಅಂಗಳ ವಿರಳ. ಗಿಡ ಬೆಳೆಸಬೇಕೆಂದರೆ ಮಾಳಿಗೆಯೇ ಗತಿ. ಕಡಲಂಚಿನ ಕೊಳವೆ ಬಾವಿಗಳಲ್ಲಿ ಉಪ್ಪಿನಂಶವು ಸಹಜ. ಇನ್ನೂ ಉತ್ತರಕ್ಕಿರುವ ಮೀಂಜೂರಿನ ಪ್ರದೇಶದಲ್ಲಿ ಅಂತರ್ಜಲವನ್ನು ಮಿತಿಮೀರಿ ಎತ್ತಿದುದರಿಂದ ಸಮುದ್ರದ ನೀರು ಹಲವು ಕಿಲೋಮೀಟರುಗಳಷ್ಟು ಒಳನಾಡಿಗೆ ನುಗ್ಗಿರುವುದು ಪ್ರಸಿದ್ಧ ಸಂಗತಿ. ಅಲ್ಲಿಯೇ ೨೦೧೦ರಲ್ಲಿ, ಸಮುದ್ರದ ನೀರಿನಿಂದ ದಿನಕ್ಕೆ ಹತ್ತು ಕೋಟಿ ಲೀಟರು ಸಿಹಿನೀರನ್ನು ಪಡೆಯುವ ಸ್ಥಾವರವು ಕೆಲಸವನ್ನಾರಂಭಿಸಿತು. ೨೦೧೯ರ ಬೇಸಗೆಯಲ್ಲಿ ನಗರದ ಕೆರೆಗಳು ಬತ್ತಿದಾಗ ಲಾರಿಯ ನೀರಿಗಾಗಿ ಜನರು ಸಾಲುನಿಂತುದನ್ನು ಮರೆಯುವಂತಿಲ್ಲ. ಹೀಗೆ ಒಂದೇ ಮನೆಗೆ ಒಂದು ತಿಂಗಳು ಕೆರೆಯ ನೀರು, ಒಂದು ತಿಂಗಳು ಬಾವಿಯ ನೀರು, ಮತ್ತೊಂದು ತಿಂಗಳು ಸಿಹಿಗೊಳಿಸಿದ ಕಡಲ ನೀರು ಬರುವುದು ಅಸಂಭವವಲ್ಲ. ಗೊಬ್ಬರದ ಪ್ರಮಾಣವು ಒಂದೇ ಆಗಿದ್ದರೂ ಗಿಡಕ್ಕೆ ಸಿಕ್ಕುವ ಆಹಾರವು ಬೇರೆ ಬೇರೆಯಾಗುತ್ತದೆ.

ಸಿಹಿಗೊಳಿಸಿದ ನೀರು ಮನುಷ್ಯನಿಗೆ ಒಳ್ಳೆಯದಾಗಿದ್ದರೂ ಗಿಡದ ದೃಷ್ಟಿಯಿಂದ ಅದರಲ್ಲಿ ಎರಡು ವಿಶೇಷಗಳುಂಟು. ಕ್ಯಾಲ್ಸಿಯಂ ಮ್ಯಾಗ್ನೀಸಿಯಂಗಳು ಅದರಲ್ಲಿ ಬಹು ಕಡಿಮೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು ೪.೫ ಮಿಲಿಗ್ರಾಂ ಇರುವ ಬೋರಾನ್ ಮಾತ್ರ ಸೋಸುವ ಪೊರೆಯನ್ನು ಸ್ವಲ್ಪಮಟ್ಟಿಗೆ ದಾಟಿ ಬರುತ್ತದೆ. ಇಸ್ರೇಲಿನ ಅಷ್ಕೆಲೋನ್‌ನಲ್ಲಿ ೨೦೦೫ರಲ್ಲಿ ಆರಂಭವಾದ ಸ್ಥಾವರದ ನೀರನ್ನು ಬೇಸಾಯಕ್ಕೆ ಬಳಸಿದಾಗ ಮ್ಯಾಗ್ನೀಸಿಯಂ ಕೊರತೆಯ ತೊಡಕು ಅನುಭವಕ್ಕೆ ಬಂದಿತು. ಎಲ್ಲ ಸ್ಥಾವರಗಳ ನೀರೂ ಹಾಗೆಯೇ ಇರುವುದೆಂದು ತಿಳಿಯಬಾರದು. ನೀರನ್ನು ಒಮ್ಮೆ ಪರೀಕ್ಷೆ ಮಾಡಿಸದೆ ಗೊಬ್ಬರದ ಲೆಕ್ಕವನ್ನು ಹಾಕಬಾರದೆಂಬುದಷ್ಟೇ ಇದರ ತಾತ್ಪರ್ಯ.

೫. ಉಪ್ಪಿನ ಲೆಕ್ಕ

ದ್ರಾವಣದಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣವನ್ನು ವಿದ್ಯುದ್ವಾಹಕತೆಯಿಂದ ಅಳೆಯುವುದು ರೂಢಿ. ಮೆಣಸಿನ ಗಿಡಕ್ಕೆ ಮೀಟರಿಗೆ ೧.೫ರಿಂದ ೨.೫ ಡೆಸಿಸೀಮನ್ಸ್ ಒಳಗಿನ ದ್ರಾವಣವೂ, ೫.೮ರಿಂದ ೬.೩ರವರೆಗಿನ ಪಿ.ಎಚ್. ಮೌಲ್ಯವೂ ಹಿತಕರ. ಆದರೆ ಮಾಪಕವು ಒಟ್ಟು ಮೊತ್ತವನ್ನು ಹೇಳುವುದೇ ಹೊರತು ಯಾವ ಲವಣವು ಎಷ್ಟೆಂಬುದನ್ನು ಹೇಳುವುದಿಲ್ಲ. ಇದನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು.

ಐವತ್ತು ಲೀಟರಿನ ತೊಟ್ಟಿಯೊಂದಿದೆಯೆಂದೂ, ತುಂಬುವ ನೀರಿನಲ್ಲಿ ಲೀಟರಿಗೆ ೧೦೦ ಮಿಲಿಗ್ರಾಂ ಸೋಡಿಯಂ ಇದೆಯೆಂದೂ ಭಾವಿಸೋಣ. ಮೊದಲ ದಿನ ತೊಟ್ಟಿಯಲ್ಲಿರುವ ಸೋಡಿಯಂ ೫ ಗ್ರಾಂ. ಗಿಡಗಳು ನೀರನ್ನು ಹೀರುತ್ತವೆ. ಸೋಡಿಯಮ್ಮನ್ನು ಬಹುಪಾಲು ಹಿಂದೆಯೇ ಬಿಡುತ್ತವೆ. ಇಳಿದ ನೀರಿಗೆ ಬದಲಾಗಿ ಕೆಲವು ವಾರಗಳಲ್ಲಿ ಒಟ್ಟು ೧೫೦ ಲೀಟರು ಹೊಸ ನೀರನ್ನು ತುಂಬಿದರೆ, ಅದರೊಡನೆ ಇನ್ನೂ ೧೫ ಗ್ರಾಂ ಸೋಡಿಯಂ ಬಂದು ಸೇರುತ್ತದೆ. ಆಗ ಲೀಟರಿಗೆ ೪೦೦ ಮಿಲಿಗ್ರಾಂ ಆಯಿತು. ಇಷ್ಟು ಸೋಡಿಯಂ, ತನಗೆ ಸಮನಾದ ಕ್ಲೋರೈಡಿನೊಡನೆ ಸೇರಿದರೆ, ಅದೊಂದರಿಂದಲೇ ವಾಹಕತೆಯು ಸುಮಾರು ೨ಕ್ಕೆ ಮುಟ್ಟುತ್ತದೆ. ಬೆಳೆಗಾರನು ಮಾಪಕವನ್ನು ನೋಡಿ ದ್ರಾವಣವು ಸರಿಯಾಗಿದೆಯೆಂದು ತೃಪ್ತಿಪಡುತ್ತಾನೆ. ವಸ್ತುತಃ ಖಾತೆಯ ಮೊತ್ತವು ಸರಿಯಾಗಿದ್ದು, ಅದರಲ್ಲಿರುವ ನಾಣ್ಯವೆಲ್ಲ ಖೋಟಾ ಆಗಿರುತ್ತದೆ. ವಾಹಕತೆ ಇನ್ನೂ ಏರದಿರಲೆಂದು ಗೊಬ್ಬರವನ್ನು ಕಡಿಮೆ ಮಾಡಿದರಂತೂ ಗಿಡವು ಉಪ್ಪಿನ ನಡುವೆ ಉಪವಾಸ ಬೀಳುತ್ತದೆ.

ಮೆಣಸಿನ ಗಿಡವು ಉಪ್ಪನ್ನು ಸಹಿಸುವ ಗಿಡವಲ್ಲ. ಮಾಸ್ ಮತ್ತು ಹಾಫ್‌ಮನ್ ಎಂಬ ವಿಜ್ಞಾನಿಗಳು ೧೯೭೭ರಲ್ಲಿ ಕೊಟ್ಟ ಪಟ್ಟಿಯಂತೆ, ಮಣ್ಣಿನ ರಸದ ವಾಹಕತೆ ೧.೫ನ್ನು ದಾಟಿದ ಮೇಲೆ ಒಂದೊಂದು ಡೆಸಿಸೀಮನ್ಸಿಗೂ ಅದರ ಫಸಲು ಶೇಕಡ ೧೪ರಷ್ಟು ಕಡಿಮೆಯಾಗುತ್ತದೆ. ಆದುದರಿಂದ ಕಡಲಂಚಿನಲ್ಲಿ ತೊಟ್ಟಿಯನ್ನು ಹತ್ತು ಹದಿನೈದು ದಿನಕ್ಕೊಮ್ಮೆ ಪೂರ್ತಿ ಬರಿದುಮಾಡಿ ಹೊಸ ದ್ರಾವಣವನ್ನು ತುಂಬುವುದು ದುಂದೆನಿಸಿದರೂ ಅನಿವಾರ್ಯ.

೬. ಹಳೆಯ ಎಲೆ, ಹೊಸ ಎಲೆ

ಲಕ್ಷಣವನ್ನು ಓದುವ ಮೊದಲನೆಯ ಸೂತ್ರವಿದು: ವಿಕಾರವು ಮೊದಲು ಕಾಣಿಸಿಕೊಂಡುದು ಕೆಳಗಿನ ಹಳೆಯ ಎಲೆಗಳಲ್ಲಿಯೋ, ತುದಿಯ ಎಳೆಯ ಎಲೆಗಳಲ್ಲಿಯೋ? ಗಿಡದೊಳಗೆ ಕೆಲವು ಧಾತುಗಳು ಚಲಿಸಬಲ್ಲವು, ಕೆಲವು ಚಲಿಸಲಾರವು. ಸಾರಜನಕ, ರಂಜಕ, ಪೊಟ್ಯಾಸಿಯಂ, ಮ್ಯಾಗ್ನೀಸಿಯಂಗಳಿಗೆ ಕೊರತೆಯುಂಟಾದಾಗ ಗಿಡವು ಅವುಗಳನ್ನು ಹಳೆಯ ಎಲೆಗಳಿಂದ ಹಿಂದೆಗೆದು ಚಿಗುರಿಗೆ ಕಳುಹಿಸುತ್ತದೆ. ಹೀಗಾಗಿ ಹಾನಿಯು ಕೆಳಗಿನ ಎಲೆಗಳಲ್ಲಿ ತೋರುತ್ತದೆ. ಕ್ಯಾಲ್ಸಿಯಂ, ಬೋರಾನ್, ಕಬ್ಬಿಣಗಳು ಒಮ್ಮೆ ಎಲೆಯಲ್ಲಿ ನೆಲೆಸಿದ ಮೇಲೆ ಅಲ್ಲಿಂದ ಕದಲುವುದು ಬಹು ಕಡಿಮೆ. ಅವುಗಳ ಕೊರತೆಯು ಚಿಗುರಿನಲ್ಲಿಯೇ ತೋರುತ್ತದೆ. ಗಂಧಕದ ಕೊರತೆಯೂ ಸಾಮಾನ್ಯವಾಗಿ ಎಳೆಯ ಎಲೆಗಳಲ್ಲಿಯೇ ಮೊದಲು ಕಾಣುತ್ತದೆ.

ಎರಡನೆಯ ಸೂತ್ರವು ವಿನ್ಯಾಸವನ್ನು ಕುರಿತದ್ದು. ಎಲೆಯು ಒಂದೇ ಸಮನಾಗಿ ಬಿಳಿಚಿದೆಯೇ, ನರಗಳು ಹಸುರಾಗಿ ಉಳಿದು ನಡುವಣ ಭಾಗ ಮಾತ್ರ ಹಳದಿಯಾಗಿದೆಯೇ, ಅಂಚು ಸುಟ್ಟಿದೆಯೇ, ಚುಕ್ಕೆಗಳಿವೆಯೇ, ಆಕಾರವೇ ಕೆಟ್ಟಿದೆಯೇ ಎಂದು ಗಮನಿಸಬೇಕು. ಮೂರನೆಯದು ವ್ಯಾಪ್ತಿ. ಒಂದೇ ತೊಟ್ಟಿಯ ನೀರನ್ನು ಕುಡಿಯುವ ಗಿಡಗಳಲ್ಲಿ ಆಹಾರದೋಷವು ಬಹುತೇಕ ಎಲ್ಲದಕ್ಕೂ ಒಟ್ಟಿಗೆ ತಟ್ಟುತ್ತದೆ. ಕೀಟವಾಗಲಿ ರೋಗವಾಗಲಿ ಒಂದು ಗಿಡದಲ್ಲಿ ಆರಂಭವಾಗಿ ನೆರೆಗೆ ಹರಡುತ್ತದೆ. ಹತ್ತು ಗಿಡಗಳಲ್ಲಿ ಎರಡು ಮಾತ್ರ ಕೆಟ್ಟಿದ್ದರೆ ಗೊಬ್ಬರವನ್ನು ದೂಷಿಸುವುದಕ್ಕೆ ಮುಂಚೆ ಎಲೆಯ ಅಡಿಭಾಗವನ್ನು ತಿರುವಿ ನೋಡುವುದು ಲೇಸು.

೭. ಎಲೆಯ ಅಂಚು ಸುಡುವುದು

ಕಾಸಿಮೇಡಿನಂತಹ ಸ್ಥಳದಲ್ಲಿ ಅತ್ಯಂತ ಗೊಂದಲವನ್ನುಂಟುಮಾಡುವ ಲಕ್ಷಣವಿದು. ಎಲೆಯ ಅಂಚು ಕಂದುಬಣ್ಣಕ್ಕೆ ತಿರುಗಿ ಒಣಗುವುದಕ್ಕೆ ಕನಿಷ್ಠ ನಾಲ್ಕು ಕಾರಣಗಳುಂಟು. ನಾಲ್ಕಕ್ಕೂ ಪರಿಹಾರ ಬೇರೆ ಬೇರೆ.

ಪೊಟ್ಯಾಸಿಯಂ ಕೊರತೆಯಿದ್ದರೆ ಕೆಳಗಿನ ಎಲೆಗಳ ಅಂಚು ಮೊದಲು ಹಳದಿಯಾಗಿ, ಆಮೇಲೆ ಸುಡುತ್ತದೆ. ಗಿಡವು ಕಾಯಿಗಳಿಂದ ತುಂಬಿರುವಾಗ ಇದು ಹೆಚ್ಚು; ಕಾಯಿಯು ಪೊಟ್ಯಾಸಿಯಮ್ಮನ್ನು ಬಹುವಾಗಿ ಸೆಳೆಯುತ್ತದೆ. ಎರಡನೆಯದು ಬೇರಿನ ಮೂಲಕ ಬಂದ ಉಪ್ಪು. ಇಲ್ಲಿಯೂ ಹಳೆಯ ಎಲೆಗಳೇ ಮೊದಲು ಸುಡುತ್ತವೆ. ಆದರೆ ಅದರೊಡನೆ ಇಡೀ ಗಿಡವು ಗಿಡ್ಡಾಗಿ, ಎಲೆಗಳು ದಪ್ಪನಾಗಿ, ನೀಲಿಛಾಯೆಯ ಕಡುಹಸುರು ಬಣ್ಣಕ್ಕೆ ತಿರುಗಿ, ನೀರಿನಲ್ಲಿ ಬೇರಿದ್ದರೂ ಮಧ್ಯಾಹ್ನ ಬಾಡುತ್ತದೆ. ಉಪ್ಪು ಹೆಚ್ಚಿದ ದ್ರಾವಣದಿಂದ ನೀರನ್ನು ಸೆಳೆದುಕೊಳ್ಳಲು ಬೇರಿಗೆ ಕಷ್ಟವಾಗುವುದೇ ಇದಕ್ಕೆ ಕಾರಣ. ಸೋಡಿಯಂ ಹೆಚ್ಚಾದಾಗ ಬೇರು ಪೊಟ್ಯಾಸಿಯಮ್ಮನ್ನು ಹೀರುವುದೂ ಕುಂಠಿತವಾಗುವುದರಿಂದ ಈ ಎರಡು ಕಾರಣಗಳು ಒಂದರೊಳಗೊಂದು ಬೆರೆಯುತ್ತವೆ. ಬೆಳೆಗಾರನು ಪೊಟ್ಯಾಷಿನ ಲವಣವನ್ನು ಇನ್ನಷ್ಟು ಸುರಿದರೆ ಉಪ್ಪಿನ ಭಾರ ಏರುವುದೇ ಹೊರತು ಕಾಯಿಲೆ ಇಳಿಯದು. ದ್ರಾವಣವನ್ನು ಚೆಲ್ಲಿ, ಬೇರನ್ನು ಸಿಹಿನೀರಿನಿಂದ ತೊಳೆದು, ಹೊಸದಾಗಿ ಆರಂಭಿಸುವುದೇ ಇದರ ಚಿಕಿತ್ಸೆ.

ಮೂರನೆಯದು ಕಡಲ ಗಾಳಿ. ಮಧ್ಯಾಹ್ನದ ಹೊತ್ತು ಪೂರ್ವದಿಂದ ಬೀಸುವ ಗಾಳಿಯು ಅಲೆಗಳ ಸೂಕ್ಷ್ಮ ತುಂತುರನ್ನು ಹೊತ್ತು ತಂದು ಎಲೆಯ ಮೇಲೆ ಉಪ್ಪನ್ನು ಬಿಡುತ್ತದೆ. ಇದನ್ನು ಗುರುತಿಸುವುದು ಸುಲಭ: ಹಾನಿಯು ಎಲೆಯ ವಯಸ್ಸನ್ನು ನೋಡುವುದಿಲ್ಲ, ದಿಕ್ಕನ್ನು ನೋಡುತ್ತದೆ. ಗಿಡದ ಪೂರ್ವದ ಮಗ್ಗುಲು ಸುಟ್ಟು ಪಶ್ಚಿಮದ ಮಗ್ಗುಲು ಹಸುರಾಗಿದ್ದರೆ ಗೊಬ್ಬರದ ತಪ್ಪೇನೂ ಇಲ್ಲ. ಗಾಳಿಗೆ ಒಂದು ತೆರೆ ಕಟ್ಟಿ, ಸಂಜೆ ಎಲೆಗಳನ್ನು ಸಿಹಿನೀರಿನಿಂದ ತೊಳೆದರೆ ಸಾಕು. ನಾಲ್ಕನೆಯದು ಬೋರಾನ್ ಅತಿಯಾಗುವುದು. ಇದರಲ್ಲಿ ಹಳೆಯ ಎಲೆಗಳ ತುದಿ ಮೊದಲು ಹಳದಿಯಾಗಿ ಸುಟ್ಟು, ಸುಡುವಿಕೆಯು ಅಂಚಿನಗುಂಟ ಬುಡದ ಕಡೆಗೆ ಸಾಗುತ್ತದೆ. ನೀರಿನ ಪರೀಕ್ಷೆಯ ಹೊರತು ಇದನ್ನು ಖಚಿತವಾಗಿ ಹೇಳಲಾಗದು.

೮. ಎಲೆ ಹಳದಿಯಾಗುವುದು

ಕೆಳಗಿನ ಎಲೆಗಳು ನರಗಳೂ ಸೇರಿ ಒಂದೇ ಸಮನಾಗಿ ಬಿಳಿಚಿ ಉದುರಿದರೆ ಸಾರಜನಕದ ಕೊರತೆಯೆನ್ನಬೇಕು. ಕೆಳಗಿನ ಮತ್ತು ನಡುವಣ ಎಲೆಗಳಲ್ಲಿ ನರಗಳು ಹಸುರಾಗಿದ್ದು ನಡುವಣ ಭಾಗವು ಹಳದಿಯಾದರೆ ಮ್ಯಾಗ್ನೀಸಿಯಮ್ಮಿನ ಕೊರತೆ. ಪತ್ರಹರಿತ್ತಿನ ಅಣುವಿನ ಕೇಂದ್ರದಲ್ಲಿರುವುದೇ ಮ್ಯಾಗ್ನೀಸಿಯಂ ಆದುದರಿಂದ ಅದಿಲ್ಲದೆ ಹಸುರಿಲ್ಲ. ಇದೇ ವಿನ್ಯಾಸವು ತುದಿಯ ಎಳೆಯ ಎಲೆಗಳಲ್ಲಿ ತೋರಿದರೆ, ಎಲೆಯು ಕ್ರಮೇಣ ದಂತವರ್ಣಕ್ಕೆ ತಿರುಗಿದರೆ, ಅದು ಕಬ್ಬಿಣದ ಕೊರತೆ. ಒಂದೇ ಚಿತ್ರವು ಗಿಡದ ಬುಡದಲ್ಲಿ ಒಂದರ್ಥವನ್ನೂ ತುದಿಯಲ್ಲಿ ಇನ್ನೊಂದರ್ಥವನ್ನೂ ಕೊಡುವುದು ಗಮನಾರ್ಹ.

ಕಬ್ಬಿಣದ ವಿಷಯದಲ್ಲಿ ಕೊರತೆಯೆಂದರೆ ದ್ರಾವಣದಲ್ಲಿ ಕಬ್ಬಿಣವಿಲ್ಲವೆಂದೇ ಅರ್ಥವಲ್ಲ. ಪಿ.ಎಚ್. ಮೌಲ್ಯವು ಏರಿದಂತೆ ಕಬ್ಬಿಣವು ಕರಗದ ರೂಪಕ್ಕೆ ತಿರುಗಿ ತಳಕ್ಕಿಳಿಯುತ್ತದೆ. ಅದನ್ನು ಕರಗಿದಂತೆ ಹಿಡಿದಿಡುವ ಇ.ಡಿ.ಟಿ.ಎ. ಎಂಬ ರಾಸಾಯನಿಕವು ಸುಮಾರು ೬.೫ರವರೆಗೆ ಮಾತ್ರ ತನ್ನ ಕೆಲಸವನ್ನು ಮಾಡಬಲ್ಲದು, ಡಿ.ಟಿ.ಪಿ.ಎ. ಎಂಬುದು ೭.೫ರವರೆಗೆ. ಬಿಸಿಲೂ ಈ ಸಂಯುಕ್ತವನ್ನು ಒಡೆಯುತ್ತದೆ. ಬೆಳಕು ಹಾಯುವ ಬಿಳಿಯ ತೊಟ್ಟಿಯಲ್ಲಿ ಕಬ್ಬಿಣವು ಬೇಗ ನಷ್ಟವಾಗುತ್ತದೆ. ಆದುದರಿಂದ ಕಬ್ಬಿಣವನ್ನು ಸೇರಿಸುವ ಮೊದಲು ಪಿ.ಎಚ್. ಅಳೆಯಬೇಕು, ತೊಟ್ಟಿಗೆ ಮುಸುಕು ಹಾಕಬೇಕು.

ಯಾವ ವಿನ್ಯಾಸಕ್ಕೂ ಹೊಂದದೆ ಇಡೀ ಗಿಡವು ಮಂಕಾಗಿ ಹಳದಿಗಟ್ಟಿದರೆ ಬೇರನ್ನು ಎತ್ತಿ ನೋಡಬೇಕು. ಆರೋಗ್ಯವಾದ ಬೇರು ಬೆಳ್ಳಗಿರುತ್ತದೆ. ೨೦ ಡಿಗ್ರಿ ಸೆಂಟಿಗ್ರೇಡಿನ ನೀರು ಲೀಟರಿಗೆ ಸುಮಾರು ೯ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು; ಮೇ ತಿಂಗಳ ಮಾಳಿಗೆಯಲ್ಲಿ ಸುಲಭವಾಗಿ ಬರುವ ೩೫ ಡಿಗ್ರಿಯಲ್ಲಿ ಅದು ೭ ಮಿಲಿಗ್ರಾಮಿಗೆ ಇಳಿಯುತ್ತದೆ. ಕಾದ ನೀರಿನಲ್ಲಿ ಬೇರಿನ ಉಸಿರಾಟವು ಹೆಚ್ಚುವುದರಿಂದ ಬೇಡಿಕೆಯು ಏರಿದಾಗಲೇ ಪೂರೈಕೆಯು ಕುಗ್ಗಿದಂತಾಗುತ್ತದೆ. ಅಂತಹ ಬೇರಿಗೆ ಪಿಥಿಯಂ ಎಂಬ ಕೊಳೆರೋಗದ ಜೀವಿಯು ತಗಲಿ, ಬೇರು ಕಂದಾಗಿ, ಲೋಳೆಯಾಗಿ, ಕೈಯಲ್ಲಿ ಹಿಡಿದೆಳೆದರೆ ಸಿಪ್ಪೆ ಸುಲಿದುಬರುತ್ತದೆ. ಅಂತಹ ಗಿಡಕ್ಕೆ ಯಾವ ಗೊಬ್ಬರವೂ ಎಟಕದು. ನೆರಳು, ತಣ್ಣಗಿನ ನೀರು, ಗಾಳಿಯೂದುವ ಸಣ್ಣ ಪಂಪು: ಇವೇ ಇಲ್ಲಿ ಔಷಧ.

೯. ಎಲೆ ಮುದುಡುವುದು

ಬ್ಯಾಡಗಿಯ ಸೀಮೆಯ ರೈತರು ಮುಟುರು ರೋಗವೆಂದು ಕರೆಯುವ ಲಕ್ಷಣವು ಮಾಳಿಗೆಯ ಮೇಲೂ ಬರುತ್ತದೆ. ಮಣ್ಣನ್ನು ಬಿಟ್ಟ ಮಾತ್ರಕ್ಕೆ ಕೀಟಗಳು ಬಿಡುವುದಿಲ್ಲ. ಎಲೆಯ ಅಂಚುಗಳು ಮೇಲ್ಮುಖವಾಗಿ ದೋಣಿಯಂತೆ ಮಡಿಸಿದ್ದರೆ ಅದು ಥ್ರಿಪ್ಸ್ ನುಸಿಯ ಕೆಲಸ. ಈ ಕೀಟವನ್ನು ೧೯೧೯ರಲ್ಲಿ ಹುಡ್ ಎಂಬ ವಿಜ್ಞಾನಿಯು ಮೊದಲು ವರ್ಣಿಸಿದ್ದು ಕೊಯಮತ್ತೂರಿನ ಮಾದರಿಗಳಿಂದ. ಸೈದಾಪೇಟೆಯಲ್ಲಿ ೧೮೬೮ರಲ್ಲಿ ಮೊಳೆತು ೧೯೦೬ರಲ್ಲಿ ಕೊಯಮತ್ತೂರಿಗೆ ಹೋದ ಕೃಷಿ ವಿದ್ಯಾಸಂಸ್ಥೆಯು, ದಕ್ಷಿಣ ಕನ್ನಡ ಬಳ್ಳಾರಿಗಳು ಮದರಾಸು ಪ್ರಾಂತದಲ್ಲಿದ್ದ ಕಾಲಕ್ಕೆ, ಆ ಜಿಲ್ಲೆಗಳನ್ನೊಳಗೊಂಡ ಪ್ರಾಂತದ ಕೃಷಿ ವಿದ್ಯಾಕೇಂದ್ರವಾಗಿತ್ತೆಂಬುದನ್ನು ಇಲ್ಲಿ ಸ್ಮರಿಸಬಹುದು. ಎಲೆಗಳು ಕೆಳಮುಖವಾಗಿ, ಕವುಚಿದ ದೋಣಿಯಂತೆ, ಬಾಗಿ, ತೊಟ್ಟುಗಳು ನೀಳವಾಗಿದ್ದರೆ ಅದು ಮೈಟ್ ನುಸಿ. ಥ್ರಿಪ್ಸ್ ಸುಮಾರು ಒಂದು ಮಿಲಿಮೀಟರು ಉದ್ದ. ಬಿಳಿಯ ಕಾಗದದ ಮೇಲೆ ಚಿಗುರನ್ನು ಕೊಡವಿದರೆ ಓಡಾಡುವುದು ಕಾಣುತ್ತದೆ. ಮೈಟ್ ಅದರ ಐದರಲ್ಲೊಂದು ಪಾಲು, ಭೂತಗನ್ನಡಿಯಿಲ್ಲದೆ ಕಾಣದು. ಇವೆರಡರ ಭೇದವನ್ನರಿಯುವುದು ಮುಖ್ಯ. ಮೈಟ್ ಕೀಟವಲ್ಲ, ಜೇಡದ ವರ್ಗದ್ದು; ಥ್ರಿಪ್ಸಿಗೆ ಮಾಡಿದ ಅನೇಕ ಔಷಧಗಳು ಅದಕ್ಕೆ ತಾಗುವುದಿಲ್ಲ.

ಎಲೆಗಳು ಚಿಕ್ಕದಾಗಿ, ಸುಕ್ಕುಗಟ್ಟಿ, ನರಗಳು ದಪ್ಪನಾಗಿ, ಗಿಡವು ಗುಚ್ಛದಂತಾದರೆ ಬಿಳಿನೊಣವು ಹರಡುವ ಎಲೆಮುದುಡು ನಂಜುರೋಗವೆಂದು ಸಂಶಯಪಡಬೇಕು. ಇದಕ್ಕೆ ಮದ್ದಿಲ್ಲ, ಗಿಡವನ್ನು ಕಿತ್ತು ದೂರ ಹಾಕುವುದೇ ಉಳಿದವನ್ನು ಕಾಯುವ ಉಪಾಯ. ಇವೆಲ್ಲಕ್ಕಿಂತ ಬೇರೆಯಾದುದು ಕ್ಯಾಲ್ಸಿಯಮ್ಮಿನ ಕೊರತೆ. ಚಿಗುರೆಲೆಯು ಸೊಟ್ಟಗಾಗಿ, ಅದರ ತುದಿ ಸುಟ್ಟು, ಕಾಯಿಯ ತುದಿಯಲ್ಲಿ ಕಂದುಬಣ್ಣದ ಕೊಳೆತ ಕಾಣುತ್ತದೆ. ಕ್ಯಾಲ್ಸಿಯಂ ನೀರಿನೊಡನೆ ಮಾತ್ರ ಮೇಲೇರುತ್ತದೆ. ಎಲೆಯಿಂದ ನೀರು ಆವಿಯಾಗಿ ಹೊರಟರೆ ಮಾತ್ರ ನೀರು ಮೇಲೇರುತ್ತದೆ. ಗಾಳಿಯು ತೇವದಿಂದ ತುಂಬಿ, ಗಿಡಗಳು ಒತ್ತಾಗಿದ್ದಾಗ ಆವಿಯಾಗುವುದು ನಿಲ್ಲುತ್ತದೆ. ದ್ರಾವಣದಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದ್ದರೂ ಚಿಗುರಿಗೆ ಅದು ಮುಟ್ಟದು. ಗಿಡಗಳ ನಡುವೆ ಗಾಳಿಯಾಡುವಂತೆ ಮಾಡುವುದು ಇಲ್ಲಿ ಕ್ಯಾಲ್ಸಿಯಂ ಸುರಿಯುವುದಕ್ಕಿಂತ ಹೆಚ್ಚು ಫಲಕಾರಿ. ಬರಿಯ ಬಿಸಿಲಿಗೆ ಮಡಿಸಿ ಸಂಜೆಗೆ ಮತ್ತೆ ಅರಳುವ ಎಲೆಗಂತೂ ಯಾವ ಚಿಕಿತ್ಸೆಯೂ ಬೇಡ, ನೆರಳು ಸಾಕು.

೧೦. ಚುಕ್ಕೆಗಳು ಮತ್ತು ಬೂದಿ

ನೀರಿನಲ್ಲಿ ನೆಂದಂತೆ ತೋರಿ, ಅನಂತರ ಕಂದಾಗುವ ಸಣ್ಣ ಚುಕ್ಕೆಗಳು ಬ್ಯಾಕ್ಟೀರಿಯದವು. ನಡುವೆ ಬೂದುಬಣ್ಣವೂ ಸುತ್ತ ಕಡುವರ್ಣದ ಬಳೆಯೂ ಇರುವ ದುಂಡನೆಯ ಚುಕ್ಕೆಗಳು ಶಿಲೀಂಧ್ರದವು. ಎಲೆಯ ಮೇಲ್ಭಾಗದಲ್ಲಿ ಹಳದಿಯ ಮಚ್ಚೆ, ಅದರ ನೇರಕ್ಕೆ ಅಡಿಯಲ್ಲಿ ಬಿಳಿಯ ಪುಡಿ ಕಂಡರೆ ಬೂದಿರೋಗ. ಅಡಿಭಾಗದಲ್ಲಿ ಬಿರಟೆಯಂತಹ ಒರಟು ಗಂಟುಗಳೆದ್ದಿದ್ದರೆ ಅದು ರೋಗವಲ್ಲ. ತೇವದ ರಾತ್ರಿಗಳಲ್ಲಿ ಬೇರು ಹೀರಿದ ನೀರು ಆವಿಯಾಗಲಾರದೆ ಎಲೆಯ ಕಣಗಳನ್ನು ಉಬ್ಬಿಸಿ ಒಡೆದುದರ ಗುರುತು.

೧೧. ವಿಚಾರಣೆಯ ಕ್ರಮ

ಮೇಲಿನ ವಿವೇಚನೆಯಿಂದ ಒಂದು ಕ್ರಮವು ಸಿದ್ಧಿಸುತ್ತದೆ. ಮೊದಲು ಪಿ.ಎಚ್., ವಾಹಕತೆ ಮತ್ತು ನೀರಿನ ಉಷ್ಣತೆಯನ್ನು ಅಳೆದು 

ದಿನಾಂಕದೊಡನೆ ಬರೆದಿಡುವುದು, ಎರಡನೆಯದಾಗಿ ಬೇರನ್ನು ನೋಡುವುದು, ಮೂರನೆಯದಾಗಿ ಎಲೆಯ ವಯಸ್ಸು, ದಿಕ್ಕು, ವಿನ್ಯಾಸಗಳನ್ನು ಗುರುತಿಸುವುದು, ನಾಲ್ಕನೆಯದಾಗಿ ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿಯಿಂದ ಎಲೆಯ ಅಡಿಯನ್ನೂ ಚಿಗುರನ್ನೂ ಹೂವನ್ನೂ ಪರೀಕ್ಷಿಸುವುದು. ಇಷ್ಟಾದ ಮೇಲೆಯೇ ಚಿಕಿತ್ಸೆ. ಅದರಲ್ಲಿಯೂ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಮೂರನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಸುಟ್ಟ ಎಲೆಯು ಮತ್ತೆ ಹಸುರಾಗುವುದಿಲ್ಲ. ಗುಣವಾಯಿತೇ ಇಲ್ಲವೇ ಎಂಬುದನ್ನು ಮುಂದೆ ಬರುವ ಹೊಸ ಎಲೆಗಳಲ್ಲಿ ನೋಡಬೇಕು. ಅದಕ್ಕೆ ಒಂದೆರಡು ವಾರಗಳ ಸಹನೆ ಬೇಕು.

ಈ ಸಹನೆಯಿಲ್ಲದೆ ಆಗುವ ಹಾನಿಯನ್ನು ಇತ್ತೀಚಿನ ಒಂದು ಪ್ರಸಂಗವು ತೋರಿಸುತ್ತದೆ. ಹೂವುಗಳಲ್ಲಿ ವಾಸಿಸುವ ಇನ್ನೊಂದು ಜಾತಿಯ ಥ್ರಿಪ್ಸ್, ೨೦೧೫ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡಗಳಲ್ಲಿ ಭಾರತದಲ್ಲಿ ಮೊದಲ ಸಲ ವರದಿಯಾದುದು, ೨೦೨೧ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನಕಾಯಿ ಹೊಲಗಳ ಮೇಲೆ ಬಿದ್ದು ಅಪಾರ ನಷ್ಟವನ್ನುಂಟುಮಾಡಿತು. ಎಲೆಯನ್ನು ಮಾತ್ರ ನೋಡುವ ಅಭ್ಯಾಸವಿದ್ದವರಿಗೆ ಹೂವಿನೊಳಗಿನ ಶತ್ರುವು ಬೇಗ ಕಾಣುವುದಿಲ್ಲ. ಗುರಿಯರಿಯದೆ ಎರಚಿದ ವಿಷವು ಕೀಟವನ್ನು ತಿನ್ನುವ ಜೇಡ, ಗುಲಗಂಜಿ ಹುಳುಗಳನ್ನೇ ಮೊದಲು ಕೊಲ್ಲುತ್ತದೆ.

ಮನೆಯ ಮಾಳಿಗೆಯಲ್ಲಿ ನುಸಿಗಳಿಗೆ ಬೇವಿನ ಎಣ್ಣೆಯೂ, ಮೈಟ್ ಮತ್ತು ಬೂದಿರೋಗಗಳಿಗೆ ನೀರಿನಲ್ಲಿ ಕಲಸುವ ಗಂಧಕದ ಪುಡಿಯೂ ಸಾಮಾನ್ಯವಾಗಿ ಸಾಕಾಗುತ್ತವೆ. ಬಿಸಿಲು ೩೨ ಡಿಗ್ರಿಯನ್ನು ಮೀರಿದಾಗ ಗಂಧಕವು ಎಲೆಯನ್ನು ಸುಡುವುದರಿಂದ ಸಂಜೆಯ ತಂಪಿನಲ್ಲಿ ಬಳಸಬೇಕು; ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕವನ್ನು ಹಾಕಬಾರದು.

ಕೊನೆಯದಾಗಿ, ಚೆನ್ನೈ ನಗರದ ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದಿಂದ ಬರುತ್ತದೆ. ಮಳೆಯ ನೀರನ್ನು ಹಿಡಿದಿಡುವ ವ್ಯವಸ್ಥೆಯನ್ನು ತಮಿಳುನಾಡು ೨೦೦೩ರಲ್ಲಿಯೇ ಎಲ್ಲ ಕಟ್ಟಡಗಳಿಗೂ ಕಡ್ಡಾಯಮಾಡಿತು. ಮಳೆಯ ನೀರಿನಲ್ಲಿ ಸೋಡಿಯಂ ಅತ್ಯಲ್ಪ. ಮಾಳಿಗೆಯಲ್ಲಿ ಸುರಿದ ಮೊದಲ ಮಳೆಯು ಅಲ್ಲಿ ಕುಳಿತ ಉಪ್ಪನ್ನು ತೊಳೆದುಹೋಗುವಂತೆ ಬಿಟ್ಟು, ಆಮೇಲಿನದನ್ನು ಮುಚ್ಚಿದ ಪೀಪಾಯಿಗಳಲ್ಲಿ ಕೂಡಿಟ್ಟು, ಬಾವಿಯ ನೀರಿನೊಡನೆ ಬೆರೆಸಿ ಬಳಸಿದರೆ, ಈ ಲೇಖನದಲ್ಲಿ ವಿವರಿಸಿದ ವಿಕಾರಗಳಲ್ಲಿ ಉಪ್ಪಿನಿಂದ ಹುಟ್ಟುವವು ತಲೆಯೆತ್ತದಂತೆ ಬಹುಮಟ್ಟಿಗೆ ತಡೆಯಬಹುದು. ಮೆಣಸಿನ ಸಸಿಗಳನ್ನು ನೆಡಲು ಅಂತಹ ನೀರು ಕೈಯಲ್ಲಿರುವ ಮಾರ್ಗಶಿರ ಪುಷ್ಯಗಳ ತಂಪಿನ ಕಾಲವೇ ಕಾಸಿಮೇಡಿನಂತಹ ಸ್ಥಳಕ್ಕೆ ಹೆಚ್ಚು ಅನುಕೂಲವಾದುದು.